ಹೂಂ, ತಯಾರ

ಚಂದಾಪುರ
4-3-2007

ದೋಸ್ತ ಹಣಮಂತಾ,

ಪತ್ರ ಬರೆಯುವವರು ಮೊದಲು ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುತ್ತಾರೆ. ನಾನೂ ಹಾಗೇ ಶುರು ಮಾಡಿ ನಾಲ್ಕು ಹಾಳೆ ಹರಿದೆ. ಆ ಸಾಲನ್ನು ದಾಟಲು ಆಗಲಿಲ್ಲ. ಅದಕ್ಕೇ ಈ ಐದನೇ ಹಾಳೆಯಲ್ಲಿ ಅದನ್ನು ಬಿಟ್ಟೇ ಬರೆಯುತ್ತಿದ್ದೇನೆ.

ನಿನ್ನ ಪಕ್ಕದ ಮನೆಯ ಲಕ್ಷ್ಮವ್ವನ ಫೋನಿಗೆ ಏಳು ಸಲ ಮಾಡಿದೆ. ಪ್ರತಿ ಸಲವೂ ಅವಳು ಹೋಗಿ ಬಂದು, "ಹಣಮಂತ ಮಲಗ್ಯಾನಪಾ" ಅಂದಳು. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದಾನೆ, ಸಂಜೆ ಐದಕ್ಕೂ ಮಲಗಿದ್ದಾನೆ. ನೀನು ಇಷ್ಟು ನಿದ್ದೆಬಡುಕ ಅಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಕೈ ಈಗ ಹೇಗಿದೆ? ಹೊಲಿಗೆ ಬಿಚ್ಚಿದರಾ? ಇಎಸ್ಐ ಆಸ್ಪತ್ರೆಯಲ್ಲಿ ಡಾಕ್ಟರು ಹೆಬ್ಬೆರಳು ಉಳಿದದ್ದೇ ದೊಡ್ಡದು ಎಂದಿದ್ದರು. ನಾಲ್ಕು ಬೆರಳು ಹೋದವನಿಗೆ ಆ ಮಾತು ಹೇಗೆ ಕೇಳಿಸುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ನಾನೂ ಹೌದು ಹೌದು ಎಂದು ತಲೆ ಆಡಿಸಿದೆ.

ಕೋಣೆ ಹಾಗೇ ಇದೆ. ಮಾಲಕಿ ವೆಂಕಟಮ್ಮ ವಾರಕ್ಕೊಮ್ಮೆ ಬಾಗಿಲಲ್ಲಿ ನಿಂತು, "ಆ ಉಡ್ಗ ಎಂಗವ್ನಪ್ಪ? ಅವ್ನ ಆಸ್ಗೆ ಚೊಂಬು ಅಂಗೇ ಮಡ್ಗಿವ್ನಿ, ಬತ್ತಾನೆ ಅಂತ" ಅನ್ನುತ್ತಾಳೆ. ಇನ್ನೊಬ್ಬನನ್ನು ಕೋಣೆಗೆ ಸೇರಿಸಿಕೊ ಎಂದು ಇನ್ನೂ ಹೇಳಿಲ್ಲ.

ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ತಗಡು ಒತ್ತುವ ನಮ್ಮ ಪ್ರೆಸ್ಸಿಗೆ ನಿನ್ನ ಜಾಗದಲ್ಲಿ ಪರಮಾನಂದ ಎನ್ನುವವನನ್ನು ಹಾಕಿದ್ದಾರೆ. ಆಳಂದದ ಕಡೆಯವನು, ನಲವತ್ತು ದಾಟಿದೆ. ಗೋಡೆಗೆ ಒಂದು ಬೋರ್ಡೂ ಬಂದಿದೆ. ತಗಡು ಇಡುವವನು ಕೈ ಹೊರಗೆ ತೆಗೆದು 'ರೆಡಿ' ಎಂದು ಕೂಗಿದ ಮೇಲೆಯೇ ಇನ್ನೊಬ್ಬ ಪೆಡಲ್ ತುಳಿಯಬೇಕಂತೆ. ಪರಮಾನಂದ ಗುರುಮಂತ್ರ ಹೇಳುವ ಹಾಗೆ ಒಂದೊಂದು ತಗಡಿಗೂ ಕೂಗುತ್ತಾನೆ. ಸಂಜೆ ಬಸ್ಸಿನಲ್ಲಿ ಕೂತರೂ ನನ್ನ ಕಿವಿಯಲ್ಲಿ ಅದೇ. ಆದರೂ ಅವನು ಕೂಗುವುದನ್ನು ನಿಲ್ಲಿಸಿದರೆ ನಾನು ಪೆಡಲಿನಿಂದ ಕಾಲು ತೆಗೆದುಬಿಡುತ್ತೇನೆ.

ನಿನ್ನನ್ನು ಊರಿಗೆ ಕರೆದೊಯ್ದ ದಿನ ನಾನು ಬಸ್ಸಿನ ತನಕ ಬರಲಿಲ್ಲ. ಶಿಫ್ಟ್ ಇತ್ತು ಅಂದಿದ್ದೆ. ಶಿಫ್ಟ್ ಇರಲಿಲ್ಲ.

ಎರಡು ಸಾಲು ಬರೆಸಿ ಕಳಿಸು. ಬೈದು ಬರೆಸಿದರೂ ಅಡ್ಡಿಯಿಲ್ಲ. ನಿಮ್ಮವ್ವ ರುಕ್ಮವ್ವನಿಗೆ ಕಾಲು ಮುಟ್ಟಿ ನಮಸ್ಕಾರ ಹೇಳು.

ನಿನ್ನ
ಯಂಕಪ್ಪ


ಊರಿನಿಂದ
22-3-2007

ಯಂಕಪ್ಪಣ್ಣನಿಗೆ ಶಿವಗಂಗಾ ಮಾಡುವ ನಮಸ್ಕಾರ.

ಅಣ್ಣ ಹೇಳಿ ಬರೆಸುತ್ತಿದ್ದಾನೆ. ನನಗೆ ಪಿಯುಸಿ ಪರೀಕ್ಷೆ ನಡೆದಿದೆ. ಆದರೂ ಇವತ್ತೇ ಬರಿ ಅಂತ ಕೂತಿದ್ದಾನೆ. ನನ್ನ ಮಾತು ಸೇರಿಸಬಾರದು ಎಂದೂ ಹೇಳಿದ್ದಾನೆ. ಈ ಎರಡು ಸಾಲು ಮಾತ್ರ ನನ್ನವು: ಅವನು ಮಲಗಿರುವುದಿಲ್ಲ. ಫೋನ್ ಬಂದಾಗ ಗೋಡೆಯ ಕಡೆ ತಿರುಗಿ ಕೂಡುತ್ತಾನೆ.

ಇನ್ನು ಅವನು ಹೇಳಿದ್ದು:

"ಯಂಕಾ, ಕಂಪನಿಯಿಂದ ರಿಜಿಸ್ಟರ್ ಪತ್ರ ಬಂದದ. ಅದರಾಗ ನಿನ್ನ ಹೇಳಿಕಿ ಅದ, ಕೆಳಗ ನಿನ್ನ ಸಹಿ ಅದ. ಶಿವಗಂಗಾ ಮೂರು ಸಲ ಓದಿದಳು. 'ಸಹಾಯಕ ಹಣಮಂತನು ಸಿದ್ಧ ಎಂದು ಹೇಳಿದ ನಂತರವೇ ನಾನು ಪೆಡಲನ್ನು ಒತ್ತಿರುತ್ತೇನೆ' ಅಂತ ಅದ. ಅಂದರ ನಾನು ಕೈ ಒಳಗ ಇಟಗೊಂಡು ಹೊಡಿ ಅಂತ ನಿನಗ ಹೇಳೀನಿ ಅಂದಂಗಾತು. ಊರಾಗ ಎಲ್ಲಾರೂ ಹಾಂಗ ತಿಳಕೊಂಡಾರ. ಹಣಮಂತ ಕುಡದು ಮಷೀನಿಗೆ ಕೈ ಕೊಟ್ಟಾನ ಅಂತ ಒಬ್ಬ ಅಂದ.

ನಾನು ಅಂದಿದ್ದೆನೇನು? ಫೋನಿನ್ಯಾಗ ಹೇಳಬ್ಯಾಡ. ಹೇಳಿದ್ದು ಗಾಳಿಗಿ ಹೋಗತದ. ಅವರಿಗೆ ಬರದು ಕೊಟ್ಟೀ ಅಲ್ಲಾ, ನನಗೂ ಬರದು ಕೊಡು."

ಇಷ್ಟೇ ಬರೆಸಿದ. ಸಹಿ ಹೆಂಗ ಮಾಡತಿ ಅಂದೆ. ಬ್ಯಾಡ ಅಂದ.

ಶಿವಗಂಗಾ


ಚಂದಾಪುರ
8-4-2007

ಹಣಮಂತಾ,

ಪತ್ರ ಸಿಕ್ಕಿ ಹತ್ತು ದಿನ ಆಯಿತು. ಜೇಬಿನಲ್ಲಿ ಇಟ್ಟುಕೊಂಡು ತಿರುಗಾಡಿದೆ.

ಆ ಹೇಳಿಕೆ ನಾನು ಬರೆದದ್ದಲ್ಲ. ಆಫೀಸಿನಲ್ಲಿ ಬರೆದು ಟೈಪ್ ಮಾಡಿಯೇ ಇಟ್ಟಿದ್ದರು. ಸೂಪರ್‌ವೈಸರ್ ಮುನಿಕೃಷ್ಣ ಸಾರ್ ಪೆನ್ನು ಕೊಟ್ಟು, "ಇದು ಬರೀ ಫಾರ್ಮಾಲಿಟಿ ಕಣೋ, ಇನ್ಶೂರೆನ್ಸ್‌ಗೆ" ಅಂದರು. ಅವತ್ತು ನನ್ನ ಅಂಗಿಯ ಮೇಲೆ ಇನ್ನೂ ನಿನ್ನ ರಕ್ತ ಇತ್ತು. ಆ ಹೊತ್ತಿನಲ್ಲಿ ನನ್ನನ್ನು ಗಲ್ಲಿಗೆ ಹಾಕುತ್ತೇವೆ ಎಂದು ಬರೆದುಕೊಟ್ಟಿದ್ದರೂ ಸಹಿ ಹಾಕುತ್ತಿದ್ದೆ. ಇದು ನೆಪ ಎಂದು ನಿನಗನ್ನಿಸಿದರೆ ನೆಪವೇ ಇರಬಹುದು.

ಆ 'ಸಿದ್ಧ' ಎನ್ನುವ ಮಾತನ್ನು ಎಲ್ಲಿಂದ ತಂದರೋ. ನಮ್ಮ ಕಾರ್ಖಾನೆಯಲ್ಲಿ ಆ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ಇಲ್ಲಿಯವರು, ತಮಿಳರು, ಒಡಿಶಾದವರು ಎಲ್ಲರೂ ರೆಡಿ ಅನ್ನುತ್ತಾರೆ. ಬಾಯಲ್ಲಿ 'ತಯಾರ' ಇದ್ದವನು ಇಡೀ ಕಾರ್ಖಾನೆಗೆ ನೀನೊಬ್ಬನೇ. ಊರಲ್ಲಿ ರೊಟ್ಟಿ ಬುತ್ತಿ ಕಟ್ಟಿದರೂ ತಯಾರ, ಮದುವೆಗೆ ಹೊರಟರೂ ತಯಾರ, ಬಂಡಿ ಹೂಡಿದರೂ ತಯಾರ. ನೀನು ಅದನ್ನೇ ಪ್ರೆಸ್ಸಿನ ಮುಂದೆಯೂ ತಂದೆ. ಮೊದಲ ತಿಂಗಳು ತಗಡು ಇಟ್ಟು, ಕೈ ತೆಗೆದು, "ಹೂಂ, ತಯಾರ" ಎಂದು ನನ್ನ ಮುಖ ನೋಡುತ್ತಿದ್ದೆ.

ಆಮೇಲೆ ಅದು ಬಿಟ್ಟು ಹೋಯಿತು. ಯಾರು ಮೊದಲು ಬಿಟ್ಟರೋ ನೆನಪಿಲ್ಲ. ಹುನಗುಂದದ ಎಪಿಎಂಸಿ ಯಾರ್ಡಿನಲ್ಲಿ ಆರು ವರ್ಷ ಹಮಾಲಿ ಮಾಡಿದವರು ನಾವು. ಕಡಲೆ ಚೀಲದ ಒಂದು ತುದಿ ನೀನು ಹಿಡಿದರೆ ಇನ್ನೊಂದು ತುದಿ ನಾನು. ನಿನ್ನ ಭುಜ ಒಂದಿಷ್ಟು ಕೆಳಗೆ ಇಳಿದ ಕೂಡಲೇ ಎತ್ತಬೇಕು ಎಂದು ನನಗೆ ತಿಳಿಯುತ್ತಿತ್ತು. ಅಲ್ಲಿ ಮಾತು ಯಾರಿಗೆ ಬೇಕಿತ್ತು? ಇಲ್ಲಿಯೂ ಹಾಗೇ ಆಯಿತು. ನೀನು ತಗಡು ಇಟ್ಟು ಭುಜ ಇಳಿಸುತ್ತಿದ್ದೆ, ನಾನು ತುಳಿಯುತ್ತಿದ್ದೆ. ಎಲ್ಲರಿಗಿಂತ ಮೊದಲು ನಮ್ಮ ಟಾರ್ಗೆಟ್ ಮುಗಿಯುತ್ತಿತ್ತು. ಮುನಿಕೃಷ್ಣ ಸಾರ್ ಬೇರೆ ಪ್ರೆಸ್ಸಿನವರನ್ನು ಕರೆದು, "ಈ ಜೋಡಿನ ನೋಡಿ ಕಲೀರಿ" ಎಂದು ತೋರಿಸುತ್ತಿದ್ದರು.

ಆದದ್ದು ಆಗಿಹೋಯಿತು. ಈಗ ಹೇಳಿಕೆ ಬದಲಿಸಿದರೆ ನನ್ನನ್ನು ಇಟ್ಟುಕೊಳ್ಳುವುದಿಲ್ಲ, ನಿನ್ನ ಬೆರಳೂ ಬರುವುದಿಲ್ಲ. ಇಬ್ಬರೂ ಕೆಡುವುದಕ್ಕಿಂತ ಒಬ್ಬನಾದರೂ ನಿಂತರೆ ಇನ್ನೊಬ್ಬನಿಗೆ ಆಸರೆ ಆದೀತು. ಸ್ವಲ್ಪ ವಿಚಾರ ಮಾಡು.

ಯಂಕಪ್ಪ


ಜಿಗಣಿ
10-6-2007

ಹಣಮಂತಾ,

ಎರಡು ತಿಂಗಳಿಂದ ನಿನ್ನ ಪತ್ರವಿಲ್ಲ. ಲಕ್ಷ್ಮವ್ವನಿಗೂ ಸಾಕಾಗಿದೆ. ಹೋದ ಸಲ, "ಆಂವ ಬರಂಗಿಲ್ಲೋ ಯಪ್ಪಾ, ನೀನರ ಯಾಕ ಮತ್ತ ಮತ್ತ ಕೇಳತಿ" ಅಂದಳು.

ನನ್ನ ಹಿಂದಿನ ಪತ್ರದ ಕೊನೆಯ ಸಾಲುಗಳು ನನಗೇ ತಿರುಗಿ ಹೊಡೆದವು. ನಿನ್ನ ಕೈಯ ಮೇಲೆ ನಿಂತು ಆಸರೆಯ ಮಾತಾಡಿದ್ದೆ. ನನಗೆ ನಾಚಿಕೆಯಾಗಿದೆ.

ಮೇ ತಿಂಗಳಲ್ಲಿ ಒಂದು ದಿನ ಊಟದ ಹೊತ್ತಿನಲ್ಲಿ ಮುನಿಕೃಷ್ಣ ಸಾರ್ ಹತ್ತಿರ ಹೋಗಿ ಆ ಕಾಗದ ತಿದ್ದಬೇಕು ಸಾರ್ ಅಂದೆ. ಆ ಮನುಷ್ಯ ಕೆಟ್ಟವನಲ್ಲ. ಕಾರ್ಖಾನೆ ನಿಂತಿರುವುದೇ ಅವರ ಅಪ್ಪನ ರಾಗಿ ಹೊಲದ ಮೇಲೆ. ಅದಕ್ಕೇ ಅವರಿಗೆ ಆ ಕೆಲಸ ಸಿಕ್ಕಿದ್ದು. ಟಿಫಿನ್ ಡಬ್ಬಿ ಮುಚ್ಚಿ ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡು ಯಂಕಪ್ಪ. ಅವ್ನು ರೆಡಿ ಅಂದಿದ್ರೆ ಅವ್ನ ತಪ್ಪು. ಅನ್ಲಿಲ್ಲ ಅಂದ್ರೆ ನಿನ್ ತಪ್ಪು. ಅನ್ನೋ ಪದ್ಧತಿನೇ ಇರ್ಲಿಲ್ಲ, ನಾನು ನೋಡ್ಕಂಡು ಸುಮ್ನಿದ್ದೆ ಅಂದ್ರೆ ನನ್ ತಪ್ಪು. ಮೂರ್ರಲ್ಲಿ ಯಾವ್ದು ಬರೀಲಿ ಹೇಳು. ಊರಿಗೋದವನ ಹೆಸ್ರಲ್ಲಿ ಬರುದ್ರೆ ಇಲ್ಲಿರೋ ಇಬ್ರು ಉಳ್ಕಂತೀವಿ."

ನಾನು, "ಮೂರನೇದು ಬರೀರಿ ಸಾರ್, ಎರಡನೇದನ್ನೂ ಬರೀರಿ" ಅಂದೆ. ಅವರು ಟಿಫಿನ್ ಡಬ್ಬಿ ಎತ್ತಿಕೊಂಡು ಎದ್ದರು. ಆಮೇಲೆ, "ನಂಗೆ ಎರಡು ಹೆಣ್ಮಕ್ಕಳವ್ರೆ ಕಣೋ" ಅಂದರು. ಅಷ್ಟೇ.

ಮರುದಿನ ರಜೆ ಹಾಕಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿ ಒಬ್ಬರು ಮೇಡಂ ಇದ್ದರು. ಹಳೆಯ ಹೇಳಿಕೆ ಓದಿ, "ಅವ್ರು ಸಿದ್ಧ ಅಂತಾನೇ ಹೇಳ್ತಿದ್ರಾ?" ಅಂತ ಕೇಳಿದರು. "ಇಲ್ರೀ ಮೇಡಂ, ತಯಾರ ಅಂತಿದ್ದ" ಅಂದೆ. "ಆವತ್ತು?" ಅಂದರು. "ಆವತ್ತು ಏನೂ ಅಂದಿಲ್ರಿ. ಅನ್ನೂದು ಬಿಟ್ಟು ಐದು ತಿಂಗಳಾಗಿತ್ರಿ" ಅಂದೆ. ಅವರು ತಲೆ ಎತ್ತಿ ನೋಡಿ, "ಐದು ತಿಂಗಳು ಏನೂ ಆಗ್ಲಿಲ್ವಾ?" ಅಂದರು. ಆಗಲಿಲ್ಲ. ಅದೇ ನಮ್ಮ ದುರ್ದೈವ. ಮೊದಲ ವಾರದಲ್ಲೇ ಉಗುರು ತರಚಿದ್ದರೆ ಬುದ್ಧಿ ಬರುತ್ತಿತ್ತು.

ಇನ್ನೊಂದು ಹೇಳಬೇಕು. ಯಾರು ಮೊದಲು ಬಿಟ್ಟರೋ ನೆನಪಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ನೀನು ತಯಾರ ಅಂದಾಗಲೆಲ್ಲ ಪಕ್ಕದ ಪ್ರೆಸ್ಸಿನವರು ಅಣಕಿಸುತ್ತಿದ್ದರು. ನಿನಗೆ ತಯಾರಪ್ಪ ಎಂದೇ ಹೆಸರಿಟ್ಟಿದ್ದರು. ನೀನು ಎರಡು ದಿನ ರೆಡಿ ಅನ್ನಲು ನೋಡಿದೆ. ನಾಲಿಗೆ ಹೊರಳಲಿಲ್ಲ, ಅದಕ್ಕೂ ನಕ್ಕರು. ಆಗ ನಾನೇ ಹೇಳಿದ್ದು: "ಬಿಡಲೇ, ನಮ್ಮಿಬ್ಬರ ನಡುವ ಮಾತು ಯಾಕ? ಚೀಲಾ ಎತ್ತೂಮುಂದ ಮಾತಾಡ್ತಿದ್ವೇನು?" ನಿನ್ನ ಮರ್ಯಾದೆ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ನೀನು, "ಮಷೀನು ಚೀಲ ಅಲ್ಲಲೇ" ಅಂದೆ. ನಾನು ನಕ್ಕೆ. ಮೇಡಂ ಮುಂದೆ ಇದನ್ನೂ ಹೇಳಿದ್ದೇನೆ.

ಹೇಳಿಕೆ ಕೊಟ್ಟ ನಾಲ್ಕನೇ ದಿನ ಗೇಟಿನಲ್ಲಿ ನನ್ನ ಕಾರ್ಡ್ ತೆಗೆದುಕೊಂಡರು. ಈಗ ಜಿಗಣಿಯ ಒಂದು ಕಲ್ಲಿನ ಯಾರ್ಡಿನಲ್ಲಿ ಲಾರಿಗೆ ಚಪ್ಪಡಿ ಹೇರುವ ಕೆಲಸ. ಇರುವುದೂ ಅಲ್ಲೇ ಶೆಡ್ಡಿನಲ್ಲಿ, ಭಾನುವಾರಕ್ಕೆ ಮಾತ್ರ ಚಂದಾಪುರದ ಕೋಣೆಗೆ ಹೋಗುತ್ತೇನೆ. ಇದನ್ನು ನಿನ್ನ ಕನಿಕರಕ್ಕೆ ಬರೆಯುತ್ತಿಲ್ಲ. ನೀನು ಕೇಳಿದ್ದೆ, ನಾನು ಬರೆದು ಕೊಟ್ಟಿದ್ದೇನೆ. ನೀನು ಅನ್ನಲಿಲ್ಲ. ಹೊಸ ಹೇಳಿಕೆಯ ನಕಲು ಜೊತೆಗಿಟ್ಟಿದ್ದೇನೆ. ಊರಲ್ಲಿ ಯಾರು ಯಾರಿಗೆ ತೋರಿಸಬೇಕೋ ತೋರಿಸು.

ಯಂಕಪ್ಪ


ಊರಿನಿಂದ
19-7-2007

ಯಂಕಾ,

ಇದು ನನ್ನ ಎಡಗೈ ಬರಹ. ಮೂರು ದಿನ ಹಿಡಿಯಿತು. ಅಕ್ಷರ ಸೊಟ್ಟ ಇವೆ, ಓದಿಕೊ.

ನಕಲು ಬಂತು. ಶಿವಗಂಗಾ ಅವ್ವನಿಗೆ ಓದಿ ಹೇಳಿದಳು. ಅವ್ವ ಅತ್ತಳು. ಆಮೇಲೆ ಅದನ್ನು ಹಿಡಿದುಕೊಂಡು ಓಣಿಯಲ್ಲಿ ನಾಲ್ಕು ಮನೆಗೆ ಹೋಗಿ ಬಂದಳು. ಅವಳಿಗೆ ಓದಲು ಬರುವುದಿಲ್ಲ. ಕಾಗದ ತೋರಿಸಿ, "ನನ್ನ ಮಗಾ ಅಂದಿಲ್ಲ, ಅಂದಿಲ್ಲ ಅಂತ ಇದರಾಗ ಅದ" ಅಂದಳಂತೆ. ಕುಡಿದಿದ್ದೆ ಎಂದವನ ಮನೆಗೂ ಹೋಗಿದ್ದಳು.

ನಿನ್ನ ಕೆಲಸ ಹೋದದ್ದು ತಿಳಿದು ನನಗೆ ಖುಷಿ ಆಗಲಿಲ್ಲ. ಆಗಬೇಕು ಎಂದು ಕಾಯ್ದೆ, ಆಗಲಿಲ್ಲ.

ಹುನಗುಂದದ ಯಾರ್ಡಿಗೆ ಎರಡು ಸಲ ಹೋಗಿದ್ದೆ. ಎಲ್ಲರೂ ಚಹಾ ಕೊಡಿಸಿದರು. ಚೀಲದ ಇನ್ನೊಂದು ತುದಿ ಹಿಡಿಯಲು ಯಾರೂ ಕರೆಯಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕರೆಯುತ್ತಿರಲಿಲ್ಲ.

ಈಗ ಒಂದು ಮಾತು ಕೇಳುತ್ತೇನೆ. ನೀನು ಎಲ್ಲಾ ಬರೆದೆ, ಮೇಡಂ ಮುಂದೆ ಎಲ್ಲಾ ಹೇಳಿದೆ. ನಾನು ಮಾತು ಆಡಲಿಲ್ಲ, ಸರಿ. ಮಾತು ಬಿಟ್ಟ ಮೇಲೆ ಭುಜ ಇತ್ತಲ್ಲ. ಅವತ್ತು ತಗಡು ಒಂದು ಕಡೆ ಸಿಕ್ಕಿಕೊಂಡಿತ್ತು. ಅದನ್ನು ಸರಿಸಲು ನಾನು ಮುಂದೆ ಬಾಗಿದ್ದೆ. ನನ್ನ ಭುಜ ಮೇಲೆ ಇತ್ತು. ಆರು ತಿಂಗಳಿಂದ ಇಲ್ಲಿ ಕೂತು ಅದೊಂದನ್ನೇ ನೋಡುತ್ತಿದ್ದೇನೆ. ನನ್ನ ಭುಜ ಇಳಿದಿರಲಿಲ್ಲ ಯಂಕಾ.

ನೀನು ನೋಡಿದ್ದು ಏನು?

ಹಣಮಂತ


ಜಿಗಣಿ
12-8-2007

ಹಣಮಂತಾ,

ಈ ಪ್ರಶ್ನೆಯನ್ನು ನೀನು ಕೇಳದೆ ಇದ್ದರೆ ಸಾಕು ಎಂದು ದಿನಾ ಬೇಡಿಕೊಳ್ಳುತ್ತಿದ್ದೆ. ಕೇಳಿಬಿಟ್ಟೆ.

ನಾನು ನೋಡಲಿಲ್ಲ.

ಬಾಗಿಲ ಹತ್ತಿರ ಮುನಿಕೃಷ್ಣ ಸಾರ್ ಬಂದು ನಿಂತಿದ್ದರು. ಅವತ್ತೂ ನಮ್ಮದೇ ಮೊದಲು ಎಂದು ಹೆಬ್ಬೆರಳು ಎತ್ತಿ ತೋರಿಸಿದರು. ನಾನು ಅತ್ತ ತಿರುಗಿ ನಕ್ಕೆ. ನನಗೆ ಹೆಮ್ಮೆಯಾಗಿತ್ತು. ಮುಖ ಅತ್ತ ಇತ್ತು, ಕಾಲು ಇತ್ತ ಇತ್ತು. ಕಾಲು ತನ್ನ ಪಾಡಿಗೆ ತಾನು ತುಳಿಯಿತು. ನೀನು ಕೂಗಿದ ಮೇಲೆಯೇ ನಾನು ತಿರುಗಿದ್ದು.

ಅದು ಮೊದಲನೇ ಸಲವೂ ಅಲ್ಲ. ಕೊನೆಯ ಒಂದು ತಿಂಗಳು ನಾನು ನಿನ್ನ ಭುಜವನ್ನು ನೋಡಿದ್ದು ಕಡಿಮೆ. ಕಿಟಕಿ ನೋಡುತ್ತಿದ್ದೆ, ಗಡಿಯಾರ ನೋಡುತ್ತಿದ್ದೆ. ಹಣಮಂತ ಇದ್ದಾನಲ್ಲ, ಹೊತ್ತಿಗೆ ಸರಿಯಾಗಿ ಕೈ ತೆಗೆಯುತ್ತಾನೆ ಎಂದುಕೊಂಡಿದ್ದೆ. ಅದನ್ನು ನಾನು ದೋಸ್ತಿ ಎಂದು ತಿಳಿದಿದ್ದೆ. ಬೇರೆ ಯಾರಾದರೂ ನಿನ್ನ ಜಾಗದಲ್ಲಿ ಇದ್ದಿದ್ದರೆ, ಗುರುತಿಲ್ಲದ ಪರಮಾನಂದ ಇದ್ದಿದ್ದರೆ, ಅವನ ಬೆರಳು ಉಳಿಯುತ್ತಿದ್ದವು. ಅವನ ಮುಖವನ್ನು ನಾನು ಪ್ರತಿ ಸಲ ನೋಡುತ್ತಿದ್ದೆ.

ಇದನ್ನು ನಾನು ಮೇಡಂಗೆ ಹೇಳಿರಲಿಲ್ಲ. ಮೊನ್ನೆ ಹೋಗಿ ಇದನ್ನೂ ಬರೆಸಿ ಬಂದೆ. ಅವರು ಬರೆದುಕೊಂಡು, "ಇಷ್ಟು ನೀವು ಹೇಳ್ಬೇಕಾಗಿರ್ಲಿಲ್ಲ" ಅಂದರು. ಹೇಳಬೇಕಾಗಿತ್ತು.

ಇನ್ನೊಂದು ವಿಷಯ. ವಿಚಾರಣೆಗೆ ದಿನ ಗೊತ್ತಾಗಿದೆ: ಸೆಪ್ಟೆಂಬರ್ 17, ಸೋಮವಾರ, ಬೆಳಿಗ್ಗೆ ಹನ್ನೊಂದು. ನಿನಗೂ ನೋಟಿಸು ಬರುತ್ತದೆ. ನೀನು ಬರಲೇಬೇಕು. ಮುನಿಕೃಷ್ಣ ಸಾರ್ ಅವರನ್ನೂ ಕರೆದಿದ್ದಾರೆ. ಅವರು ಏನು ಹೇಳುತ್ತಾರೋ ದೇವರೇ ಬಲ್ಲ.

ನಾನು ಮೆಜೆಸ್ಟಿಕ್ಕಿಗೆ ಬಂದು ಬಸ್ಸಿನ ಹತ್ತಿರ ನಿಲ್ಲುತ್ತೇನೆ. ಹಿಂದಿನ ಸಲ ಬರಲಿಲ್ಲ, ಈ ಸಲವಾದರೂ ಬರುತ್ತೇನೆ. ಚಂದಾಪುರದ ಕೋಣೆಯಲ್ಲಿ ಇಳಿದುಕೊಳ್ಳಬಹುದು. ವೆಂಕಟಮ್ಮನಿಗೆ ಹೇಳಿದೆ. "ಬರ್ಲಿ ಬುಡಪ್ಪ, ಮುದ್ದೆ ಸಾರು ಮಾಡಾಕ್ತೀನಿ" ಅಂದು ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ನನ್ನ ಮುಖ ನೋಡಲು ನೀನು ತಯಾರಿದ್ದೀಯಾ ಹಣಮಂತಾ? ಬೇರೆ ಏನೂ ಕೇಳುವುದಿಲ್ಲ. ಇದಕ್ಕೆ ಮಾತ್ರ ಉತ್ತರ ಬರೆ.

ನಿನ್ನ
ಯಂಕಪ್ಪ


ಊರಿನಿಂದ
2-9-2007

ಯಂಕಾ,

ನೋಟಿಸು ಬಂತು. ವಿಚಾರಣೆಗೆ ಬರುತ್ತೇನೆ. ಶಿವಗಂಗಾ ಜೊತೆಗೆ ಬರುತ್ತಾಳೆ. ಅವಳ ಗೆಳತಿಯ ಅಕ್ಕ ಪೀಣ್ಯದಲ್ಲಿದ್ದಾಳೆ, ಅಲ್ಲಿ ಇಳಿಯುತ್ತೇವೆ. ವೆಂಕಟಮ್ಮನಿಗೆ ನಮಸ್ಕಾರ ಹೇಳು. ನನ್ನ ಹಾಸಿಗೆ ಯಾರಿಗಾದರೂ ಕೊಡಲಿ.

ನೀನು ನೋಡಲಿಲ್ಲ ಎನ್ನುವುದನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಮೂರನೇ ದಿನ ಮನಸ್ಸು ಸ್ವಲ್ಪ ಹಗುರ ಆಯಿತು. ನನ್ನ ಭುಜ ನನಗೆ ಗೊತ್ತಿಲ್ಲದೆ ಇಳಿದಿತ್ತೇನೋ, ನನ್ನದೇ ತಪ್ಪೇನೋ ಎಂದು ಇಷ್ಟು ದಿನ ನನ್ನೊಳಗೇ ಸುಟ್ಟುಕೊಂಡಿದ್ದೆ. ಅದೊಂದು ತೀರಿತು. ಬರೆದದ್ದು ಒಳ್ಳೆಯದು ಮಾಡಿದೆ.

ಈಗ ಅಂಗಿಯ ಗುಂಡಿ ಅವ್ವ ಹಾಕುತ್ತಾಳೆ. ಮೂವತ್ತೊಂದು ವರ್ಷದವನು ಕೂಸಿನ ಹಾಗೆ ನಿಲ್ಲಬೇಕು. ಕೆಲವು ದಿನ ನನಗೆ ಸಿಟ್ಟು ಬಂದು ಮುಖ ತಿರುಗಿಸುತ್ತೇನೆ. ಆಗ ಅವ್ವ ಗುಂಡಿ ಮುಟ್ಟುವುದಿಲ್ಲ. ಒಲೆಯ ಮೇಲೆ ರೊಟ್ಟಿ ಹೊತ್ತಿದರೂ ಎದುರಿಗೆ ನಿಂತಿರುತ್ತಾಳೆ. "ತಯಾರೇನೋ ಯಪ್ಪಾ?" ಅಂತ ಒಂದೇ ಸಲ ಕೇಳುತ್ತಾಳೆ. ಆಮೇಲೆ ಸುಮ್ಮನಿರುತ್ತಾಳೆ. ನಾನು ಹೂಂ ಅಂದ ಮೇಲೆಯೇ ಕೈ ಹಾಕುವುದು. ಅದನ್ನು ನೋಡಿ ನೋಡಿ ನನಗೆ ತಿಳಿಯಿತು. ತಯಾರ ಅನ್ನುವುದು ಒಬ್ಬನ ಮಾತಲ್ಲ. ಒಬ್ಬ ಅನ್ನಬೇಕು, ಇನ್ನೊಬ್ಬ ಅಲ್ಲಿಯ ತನಕ ಕಾಯಬೇಕು.

ವಿಚಾರಣೆಯ ದಿನ ನೀನು ಆ ಕಡೆಯ ಬೆಂಚಿನಲ್ಲಿ ಕೂಡು, ನಾನು ಈ ಕಡೆ ಕೂಡುತ್ತೇನೆ. ಮೇಡಂ ಕೇಳಿದ್ದಕ್ಕೆ ಇಬ್ಬರೂ ಉತ್ತರ ಕೊಡೋಣ. ಬಸ್ಸಿಗೆ ಬರಬೇಡ. ಹತ್ತಿರ ಬಂದು ಕೈ ಹೇಗಿದೆ ಎಂದು ಕೇಳಬೇಡ. ಅಳಬೇಡ. ನೀನು ಅತ್ತರೆ ನಾನೂ ಅಳುತ್ತೇನೆ, ಅತ್ತ ಮೇಲೆ ಎಲ್ಲ ಸರಿಹೋಯಿತು ಎಂದು ನಾವಿಬ್ಬರೂ ತಿಳಿಯುತ್ತೇವೆ. ಸರಿಹೋಗಿಲ್ಲ.

ನಿನ್ನ ಮೇಲೆ ಹಗೆ ಇಲ್ಲ. ನಿನ್ನಂಥ ದೋಸ್ತ ನನಗೆ ಇರಲಿಲ್ಲ, ಇನ್ನು ಸಿಗುವುದೂ ಇಲ್ಲ. ಅದನ್ನು ಸುಳ್ಳು ಎಂದು ನಾನು ಯಾರ ಮುಂದೆಯೂ ಹೇಳುವುದಿಲ್ಲ.

ಆದರೆ ನೀನು ಕೇಳಿದ್ದೀಯ, ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ನಾನು ಇನ್ನೂ ತಯಾರಿಲ್ಲ. ಆದಾಗ ನಾನೇ ಹೇಳುತ್ತೇನೆ. ಎಷ್ಟು ದಿನ ಎಂದು ಕೇಳಬೇಡ, ಹೇಳಿಯೇ ಹೇಳುತ್ತೇನೆ ಎಂದೂ ತಿಳಿಯಬೇಡ. ಈ ಸಲ ನೀನು ಕಾಯಿ.

ಹಣಮಂತ